ಕೆಂಡದಲ್ಲಿ ಸುಡುವ ಕೋಳಿ ಮತ್ತು ಹಂದಿ ಮಾಂಸ: ಒಣ ಉಪ್ಪು ಹಾಗೂ ಮಾವಿನಕಾಯಿ ಮಸಾಲೆಯ ಪ್ರಯೋಗ ವಿಧಾನ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಅನೇಕ ರೈತ ಕುಟುಂಬಗಳು ಹಿತ್ತಲಿನಲ್ಲಿ ನಾಟಿ ಕೋಳಿ, ಗಿರಿರಾಜ ಮೊದಲಾದ ತಳಿಗಳನ್ನು ಸಾಕುತ್ತವೆ. ಯುಗಾದಿಯ ಮರುದಿನದ ಹೊಸತೊಡಕಿಗೆ ಮಾಂಸದ ಬೇಡಿಕೆ ಏರುತ್ತದೆ. ಮಾವಿನ ತೋಪುಗಳಲ್ಲಿ ಗಾಳಿಗೆ ಉದುರಿದ ಎಳೆಕಾಯಿಗಳು ಕಡಿಮೆ ಬೆಲೆಗೆ ಹೋಗುವುದೂ ಇದೇ ಅವಧಿಯಲ್ಲಿ. ಇವೆರಡನ್ನೂ ಸೇರಿಸಿ ಮಸಾಲೆ ಸವರಿದ ಮಾಂಸವನ್ನು ಮಾರಾಟಕ್ಕೆ ಸಿದ್ಧಪಡಿಸುವುದು ಸ್ವಸಹಾಯ ಸಂಘಗಳಿಗೆ ಆದಾಯದ ಮಾರ್ಗವಾಗಬಲ್ಲದು. ಆದರೆ ವಿಧಾನ ತಪ್ಪಿದರೆ ತಿಂದವರ ಆರೋಗ್ಯ ಕೆಡುತ್ತದೆ. ಒಮ್ಮೆ ಹೋದ ಗ್ರಾಹಕರ ನಂಬಿಕೆ ಮರಳಿ ಬರುವುದು ಕಷ್ಟ.

ಉಪ್ಪಿನ ಕಾರ್ಯ

ಹಸಿ ಮಾಂಸದಲ್ಲಿ ಸುಮಾರು ಶೇ. 75ರಷ್ಟು ನೀರಿರುತ್ತದೆ. ಮೇಲೆ ಸವರಿದ ಉಪ್ಪು ಮೊದಲು ನೀರನ್ನು ಹೊರಕ್ಕೆ ಸೆಳೆಯುತ್ತದೆ. ಆ ನೀರಿನಲ್ಲಿ ಕರಗಿದ ಉಪ್ಪು ಕ್ರಮೇಣ ಒಳಸೇರಿ, ಸ್ನಾಯುವಿನ ಪ್ರೋಟೀನುಗಳನ್ನು ಸಡಿಲಗೊಳಿಸಿ, ಸುಡುವಾಗ ನೀರು ನಷ್ಟವಾಗುವುದನ್ನು ತಗ್ಗಿಸುತ್ತದೆ. ಪ್ರತಿ ಕಿ.ಗ್ರಾಂ ಮಾಂಸಕ್ಕೆ 10ರಿಂದ 15 ಗ್ರಾಂ ಪುಡಿ ಉಪ್ಪನ್ನು ತೂಗಿ ಬಳಸಬೇಕು. ತುಂಡುಗಳಿಗೆ 4ರಿಂದ 6 ಗಂಟೆ, ಇಡೀ ಕೋಳಿಗೆ 12ರಿಂದ 24 ಗಂಟೆ ಸಾಕು. ಈ ಅವಧಿಯುದ್ದಕ್ಕೂ ಮಾಂಸವು 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯ ಫ್ರಿಜ್‌ನಲ್ಲಿರಬೇಕು. ಫ್ರಿಜ್ ಇಲ್ಲದಿದ್ದರೆ ಈ ವಿಧಾನವನ್ನು ಅನುಸರಿಸಬಾರದು. ಉಪ್ಪು ಸವರಿದ ಕೂಡಲೇ ಸುಡುವುದು ಸೂಕ್ತ.

ಹುಳಿ ಮಸಾಲೆಯ ಕಾರ್ಯ

ಮೊಸರು ಅಥವಾ ಮಾವಿನಕಾಯಿಯ ಹುಳಿಯು ಕೆಲವೇ ಮಿ.ಮೀ. ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲು ಉಪ್ಪು, ಸುಡುವುದಕ್ಕೆ ಒಂದೆರಡು ಗಂಟೆ ಮುಂಚೆ ಮಸಾಲೆ ಎಂಬ ಕ್ರಮ ಉತ್ತಮ. ಕಿ.ಗ್ರಾಂ ಮಾಂಸಕ್ಕೆ 60 ಗ್ರಾಂ ಮಾವಿನಕಾಯಿ ತಿರುಳು, 20 ಗ್ರಾಂ ಶುಂಠಿ-ಬೆಳ್ಳುಳ್ಳಿ, ಸ್ವಲ್ಪ ಅರಿಶಿನ, ಹಸಿಮೆಣಸಿನಕಾಯಿ ಹಾಗೂ ಎಣ್ಣೆಯಿಂದ ಪ್ರಯೋಗ ಆರಂಭಿಸಬಹುದು. ಮಸಾಲೆಗೆ ಮತ್ತೆ ಉಪ್ಪು ಬೇಡ. ರಾತ್ರಿಯಿಡೀ ಹುಳಿಯಲ್ಲಿ ಬಿಟ್ಟರೆ ಮೇಲ್ಪದರ ಹಿಟ್ಟಿನಂತಾಗುತ್ತದೆ. ಪರಂಗಿಕಾಯಿ ಬಳಸುವುದಾದರೆ ಅರ್ಧ ಗಂಟೆ ಮೀರಬಾರದು. ಇತ್ತೀಚೆಗೆ ಕೀಟನಾಶಕ ಸಿಂಪಡಿಸಿದ ತೋಪಿನ ಉದುರುಗಾಯಿಗಳನ್ನು ಬಳಸಲೇಬಾರದು. ಉಳಿದವನ್ನು ಸೊನೆ ಹೋಗುವಂತೆ ತೊಳೆದು, ಕೊಳೆತ ಭಾಗ ತೆಗೆದು ಬಳಸಬೇಕು.

ವಯಸ್ಸಾದ ನಾಟಿ ಕೋಳಿಯ ಬಿಗಿಯಾದ ಮಾಂಸವನ್ನು ಉಪ್ಪಾಗಲಿ ಹುಳಿಯಾಗಲಿ ಮೃದುಗೊಳಿಸಲಾರದು. ಅಂತಹ ಕೋಳಿ ಸಾರಿಗೆ ಯೋಗ್ಯ. ಕೆಂಡಕ್ಕೆ ಎಳೆಯ ಕೋಳಿಯನ್ನೇ ಆರಿಸಿಕೊಳ್ಳಿ.

ಪ್ರಯೋಗ ಮಾಡುವ ಬಗೆ

ಹೊಲದಲ್ಲಿ ಹೊಸ ಗೊಬ್ಬರವನ್ನು ಪರೀಕ್ಷಿಸುವಾಗ ಪಕ್ಕದಲ್ಲಿ ಗೊಬ್ಬರ ಹಾಕದ ತಾಕನ್ನು ಬಿಡುತ್ತೇವೆ. ಇಲ್ಲಿಯೂ ಅದೇ ನಿಯಮ. ಒಂದೇ ಕೋಳಿಯ ಎರಡು ಕಾಲುಗಳಲ್ಲಿ ಒಂದಕ್ಕೆ ಉಪ್ಪು ಸವರಿ, ಇನ್ನೊಂದನ್ನು ಹಾಗೆಯೇ ಇರಿಸಿ. ಎರಡನ್ನೂ ಒಂದೇ ಕೆಂಡದ ಮೇಲೆ ಸುಟ್ಟು, ಮೊದಲಿನ ಹಾಗೂ ನಂತರದ ತೂಕಗಳನ್ನು ಬರೆದಿಡಿ. 200 ಗ್ರಾಂ ಇದ್ದದ್ದು 150 ಗ್ರಾಂ ಆದರೆ ನಷ್ಟ ಶೇ. 25. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸಿ, ಕನಿಷ್ಠ ಮೂರು ಬಾರಿ ಪುನರಾವರ್ತಿಸಿದ ನಂತರವೇ ನಿರ್ಣಯಕ್ಕೆ ಬನ್ನಿ.

ಸುರಕ್ಷತೆ

• ಉಪ್ಪು, ಹುಳಿ, ಮಸಾಲೆಗಳು ರೋಗಾಣುಗಳನ್ನು ಕೊಲ್ಲುತ್ತವೆ ಎಂಬುದು ತಪ್ಪು ತಿಳಿವಳಿಕೆ. ಮಾಂಸದ ಅತಿ ದಪ್ಪ ಭಾಗದ ಒಳಗೆ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ತಲುಪಿರುವುದನ್ನು ಉಷ್ಣತಾಮಾಪಕದಿಂದ ಖಚಿತಪಡಿಸಿಕೊಳ್ಳಿ. ಬಣ್ಣ ನೋಡಿ ನಿರ್ಧರಿಸಬೇಡಿ.
• ಹಂದಿ ಮಾಂಸದಲ್ಲಿ ಅಕ್ಕಿಕಾಳಿನಂತಹ ಬಿಳಿ ಗುಳ್ಳೆಗಳು ಕಂಡರೆ ಅವು ಲಾಡಿಹುಳುವಿನ ಮರಿಗಳಿರುವ ಕೋಶಗಳಾಗಿರಬಹುದು. ಆ ಮಾಂಸವನ್ನು ಬಳಸದೆ ಪಶುವೈದ್ಯರಿಗೆ ತಿಳಿಸಿ. ಹಂದಿಗಳು ಮಾನವ ಮಲದ ಸಂಪರ್ಕಕ್ಕೆ ಬಾರದಂತೆ ಕಟ್ಟಿ ಸಾಕುವುದೇ ಇದರ ಮೂಲ ಪರಿಹಾರ.
• ಹಸಿ ಮಾಂಸ ನೆನೆಸಿದ ಮಸಾಲೆಯನ್ನು ಬೆಂದ ಮಾಂಸದ ಮೇಲೆ ಸುರಿಯಬಾರದು. ಎರಡಕ್ಕೂ ಬೇರೆ ಬೇರೆ ಪಾತ್ರೆ, ಚಾಕು ಇರಲಿ.
• ಉರಿ ಇಳಿದು ಬೂದಿ ಮುಸುಕಿದ ಕೆಂಡದ ಮೇಲೆಯೇ ಸುಡಬೇಕು. ಕರಕಲಾದ ಭಾಗವನ್ನು ತೆಗೆದುಹಾಕಿ.

ಮಾರಾಟ ಮಾಡುವವರು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಪಡೆಯುವುದು ಕಡ್ಡಾಯ. ವಿಸ್ತರಣಾ ಕಾರ್ಯಕರ್ತರು ತರಬೇತಿಗಳಲ್ಲಿ ತಕ್ಕಡಿ ಮತ್ತು ಉಷ್ಣತಾಮಾಪಕದ ಬಳಕೆಯನ್ನು ಮೊದಲು ಕಲಿಸಿ, ನಂತರ ಮಸಾಲೆಯ ಪಾಠಕ್ಕೆ ತೊಡಗುವುದು ಒಳಿತು.