ನಮ್ಮ ಮನೆಯ ಸ್ಟೇಷನ್ ವ್ಯಾಗನ್

ನಮ್ಮ ಮನೆಗೆ ಕಾರು ಬೇಕೆಂಬ ವಿಚಾರ ಮೊದಲು ಹುಟ್ಟಿದ್ದು ಸುಖಾಸೀನರಾಗಿ ತಿರುಗಾಡುವುದಕ್ಕಲ್ಲ, ತಾಯಿಯವರ ಗಾಲಿಕುರ್ಚಿಗಾಗಿ. 2012ರ ಬೇಸಗೆಯಲ್ಲಿ ಅವರು ಜಾರಿ ಬಿದ್ದು ಸೊಂಟದ ಎಲುಬು ಮುರಿದ ಬಳಿಕ, ಮಂಗಳೂರಿನ ಆಸ್ಪತ್ರೆಗೆ ತಿಂಗಳಿಗೆರಡು ಬಾರಿ ಹೋಗಿಬರುವುದು ಅನಿವಾರ್ಯವಾಯಿತು. ಬದಿಯಡ್ಕದ ಸಮೀಪದ ನಮ್ಮ ಹಳ್ಳಿಯಿಂದ ಕುಂಬಳೆಗಿಳಿದು, ಹೆದ್ದಾರಿ ಹಿಡಿದು, ತಲಪಾಡಿಯಲ್ಲಿ ಗಡಿ ದಾಟಿ ಮಂಗಳೂರು ಸೇರುವ ದಾರಿ ಕಾಸರಗೋಡು ಸೀಮೆಯ ವಾಚಕರಿಗೆ ಹೊಸತೇನಲ್ಲ. ಬಾಡಿಗೆ ಕಾರಿನ ಡಿಕ್ಕಿಯಲ್ಲಿ ಗಾಲಿಕುರ್ಚಿ ಹಿಡಿಯದು; ಮೇಲೆ ಕಟ್ಟಿದರೆ ನಮ್ಮ ಮಳೆ ಬಿಡದು; ಜೀಪಿನ ಎತ್ತರಕ್ಕೆ ಕಾಲೆತ್ತಿಡುವುದು ತಾಯಿಯವರಿಂದ ಆಗದು.

ತೋಟ ನೋಡಿಕೊಳ್ಳುವ ತಮ್ಮನೂ ಶಾಲಾ ಮಾಸ್ತರರಾದ ನಾವೂ ಒಂದೇ ಅಂಗಳದ ಎರಡು ಮನೆಗಳಲ್ಲಿರುವವರು. ಹಣ ಕೂಡಿಸಿ ಒಂದು ವಾಹನ ಕೊಳ್ಳುವುದೆಂದು ನಿಶ್ಚಯವಾದಾಗ ಆತನಿಗೆ ಅಡಕೆಯ ಗೋಣಿ ಹಿಡಿಸುವ ಗಾಡಿ ಬೇಕಿತ್ತು. ನಮಗೆ ಶಾಲೆಯ ಸಾಮಾನು ಸಾಗಿಸುವಂಥದು. ತಾಯಿಯವರಿಗೆ ತಗ್ಗಿನ ಆಸನ. ಈ ಮೂರು ಬೇಡಿಕೆಗಳೂ ಒಂದೆಡೆ ಕೂಡಿದ್ದು ಟಾಟಾ ಇಂಡಿಗೋ ಮರೀನಾ ಎಂಬ ಪುಟ್ಟ ಸ್ಟೇಷನ್ ವ್ಯಾಗನ್ನಿನಲ್ಲಿ.

ಸ್ಟೇಷನ್ ವ್ಯಾಗನ್ ಎಂದರೆ ಸಾಮಾನ್ಯ ಕಾರೇ. ಆದರೆ ಅದರ ಮಾಡು ಹಿಂಬದಿಯವರೆಗೂ ಚಾಚಿಕೊಂಡಿರುತ್ತದೆ. ಡಿಕ್ಕಿಯ ಮುಚ್ಚಳದ ಬದಲು ಮೇಲಕ್ಕೆತ್ತುವ ಬಾಗಿಲಿರುತ್ತದೆ. ಅಮೆರಿಕೆಯಲ್ಲಿ ರೈಲು ನಿಲ್ದಾಣದಿಂದ ಪ್ರಯಾಣಿಕರನ್ನೂ ಅವರ ಗಂಟುಮೂಟೆಗಳನ್ನೂ ಒಯ್ಯುತ್ತಿದ್ದ ಗಾಡಿಗಳಿಂದ ಈ ಹೆಸರು ಬಂದಿತು. ಇಂಗ್ಲೆಂಡಿನಲ್ಲಿ ಇದನ್ನೇ ಎಸ್ಟೇಟ್ ಕಾರು ಎನ್ನುತ್ತಾರೆ. ನಮ್ಮ ದೇಶದಲ್ಲಿ 1992ರಲ್ಲಿ ಟಾಟಾ ಎಸ್ಟೇಟ್ ಬಂತು. ಮಾರುತಿಯವರ ಬಲೆನೋ ಆಲ್ಟುರಾ ಬಂತು. 2004ರಲ್ಲಿ ಮರೀನಾ ಬಂತು. ಇವುಗಳಲ್ಲಿ ಒಂದೂ ಬಹುಕಾಲ ಬಾಳಲಿಲ್ಲ. ಡಿಕ್ಕಿ ಬೇರೆಯಾಗಿ ಹಿಂದಕ್ಕೆ ಚಾಚಿರುವ ಕಾರೇ ಗೌರವದ್ದೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಅಲ್ಲದೆ 2006ರ ಕೇಂದ್ರ ಮುಂಗಡಪತ್ರವು ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದಾಗ, ನಾಲ್ಕು ಮೀಟರಿಗಿಂತ ತುಸು ಉದ್ದವಾದ ಮರೀನಾಕ್ಕೆ ಆ ಲಾಭ ದೊರೆಯಲಿಲ್ಲ. ಬೆನ್ನು ಉದ್ದವಾದುದೇ ಅದರ ಗುಣ. ತೆರಿಗೆಯ ಲೆಕ್ಕದಲ್ಲಿ ಅದೇ ಅದರ ದೋಷವಾಯಿತು.

ನಾವು ಕೊಂಡದ್ದು ಮಂಗಳೂರಿನವರೊಬ್ಬರ ಕೈಯಲ್ಲಿದ್ದ 2007ರ ಡೀಸೆಲ್ ಗಾಡಿ. ಹಳೆಯ ಡೀಸೆಲ್ ಕಾರು ಕೊಳ್ಳುವವರು ಬೆಳಗ್ಗೆ ಎಂಜಿನು ತಣ್ಣಗಿರುವಾಗಲೇ ಹೋಗಬೇಕೆಂದು ಪರಿಚಯದ ಮೆಕ್ಯಾನಿಕರು ತಿಳಿಸಿದ್ದರು. ನೀಲಿ ಹೊಗೆಯಾದರೆ ಎಣ್ಣೆ ಉರಿಯುತ್ತಿದೆ. ಎಡೆಬಿಡದ ಕಪ್ಪು ಹೊಗೆಯಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಸ್ಟೆಪ್ನಿ ಇಡುವ ಗುಳಿಯನ್ನೂ ಹಿಂಬಾಗಿಲಿನ ಕೆಳ ಅಂಚನ್ನೂ ಮುಟ್ಟಿ ನೋಡಬೇಕು. ಕಡಲ ಗಾಳಿಯ ಊರುಗಳಲ್ಲಿ ತುಕ್ಕು ಮೊದಲು ಅಡಗಿ ಕೂರುವುದು ಅಲ್ಲಿಯೇ. ಈ ಪರೀಕ್ಷೆಗಳಲ್ಲೆಲ್ಲ ಗಾಡಿ ತೇರ್ಗಡೆಯಾಯಿತು.

ಅನಂತರದ ಪರೀಕ್ಷೆ ನಮ್ಮದು. ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಹೊಸ ಸಂಖ್ಯೆ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸುತ್ತದೆ. ಅದಕ್ಕೆ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ, ಒಡೆತನದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು, ಇಲ್ಲಿ ಹೊಸದಾಗಿ ತೆರಿಗೆ, ಅಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗ ಹಿಂಪಡೆಯಲು ಬೇರೊಂದು ಅರ್ಜಿ. ಒಂದು ಕಚೇರಿಯವರು ಇನ್ನೊಂದರ ಕಾಗದ ಕೇಳುವರು. ಆ ಕಾಗದದಲ್ಲಿ ಒಂದು ಮೊಹರು ತಪ್ಪಿದ್ದರೆ ಮತ್ತೆ ಗಡಿ ದಾಟಬೇಕು. ವ್ಯಾಕರಣ ಬೋಧಿಸುವ ನಮಗೆ ಇದೊಂದು ಹೊಸ ಸಂಧಿಪ್ರಕರಣವೇ ಆಯಿತು. ಗಡಿಯಾಚೆ ಗಾಡಿ ಕೊಳ್ಳಲಿರುವವರು ನಿರಾಕ್ಷೇಪಣಾ ಪತ್ರ ಕೈಸೇರುವ ಮುನ್ನ ಪೂರ್ತಿ ಹಣ ಕೊಡಬಾರದೆಂಬುದು ನಮ್ಮ ಅನುಭವದ ಮಾತು.

ಕೆ.ಎ. 19 ಎಂದಿದ್ದ ಫಲಕ ಕೆ.ಎಲ್. 14 ಎಂದಾಯಿತು. ಹಳೆಯ ಸಂಖ್ಯೆಯಿದ್ದಾಗ ಕಾಸರಗೋಡಿನಲ್ಲಿ ನಮ್ಮನ್ನು ಪರವೂರಿನವರೆಂದು ತಿಳಿಯುತ್ತಿದ್ದರು. ಹೊಸ ಸಂಖ್ಯೆ ಬಂದ ಬಳಿಕ ಮಂಗಳೂರಿನಲ್ಲಿ ಗಾಡಿ ನಿಲ್ಲಿಸುವೆಡೆಯ ಕಾವಲುಗಾರನು ನಮಗೆ ಹರಕು ಮಲಯಾಳದಲ್ಲಿ ದಾರಿ ತೋರಿಸತೊಡಗಿದನು. ನಾವು ಕನ್ನಡದಲ್ಲಿ ಉತ್ತರಿಸಿದರೆ, "ನಿಮಗೆ ಕನ್ನಡ ಚೆನ್ನಾಗಿ ಬರುತ್ತದಲ್ಲ!" ಎಂದು ಮೆಚ್ಚುಗೆ ಬೇರೆ!

ಇನ್ನು ಓಡಿಸುವ ಸಂಗತಿ. 1405 ಸಿಸಿಯ ಟರ್ಬೊ ಡೀಸೆಲ್ ಎಂಜಿನು ನಮ್ಮ ಗುಡ್ಡದ ಏರುಗಳನ್ನು ಎರಡನೆಯ ಗೇರಿನಲ್ಲಿ ನಿರಾಯಾಸವಾಗಿ ಏರುತ್ತದೆ. ಲೀಟರಿಗೆ ಹದಿನಾಲ್ಕು, ಹದಿನೈದು ಕಿಲೋಮೀಟರು ನಡೆಯುತ್ತದೆ. ಹಿಂದಿನ ಆಸನ ಮಡಚಿದರೆ ತಮ್ಮನ ಗೋಣಿಗಳಿಗೆ ಧಾರಾಳ ಸ್ಥಳ. ಆದರೆ ವ್ಯಾಗನ್ ಓಡಿಸುವವರು ಕಲಿಯಬೇಕಾದ ಪಾಠಗಳು ಬೇರೆಯೇ ಇವೆ. ಹಿಂದೆ ಭಾರ ಹೆಚ್ಚಿದಂತೆ ಮುಂಭಾಗ ಎತ್ತರವಾಗಿ, ದೀಪದ ಬೆಳಕು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಬ್ರೇಕು ಹಿಡಿದಾಗ ನಿಲ್ಲುವ ದೂರ ಹೆಚ್ಚುತ್ತದೆ. ಆದುದರಿಂದ ಹಿಂದಿನ ಟಯರುಗಳಿಗೆ ಹೆಚ್ಚು ಗಾಳಿ ತುಂಬಬೇಕು. ಭಾರದ ಸಾಮಾನನ್ನು ಕೆಳಗೆ, ಆಸನದ ಬೆನ್ನಿಗೆ ಒತ್ತಿ ಇಡಬೇಕು. ಗಾಡಿ ಓಡುವಾಗ ಗಾಳಿ ಹಿಂದೆ ಸುಳಿಗಟ್ಟಿ, ಎದ್ದ ಕೆಸರನ್ನೂ ಧೂಳನ್ನೂ ಹಿಂಗಾಜಿಗೇ ತಂದು ಮೆತ್ತುತ್ತದೆ. ಹಿಂದಿನ ವೈಪರು ಅಲಂಕಾರಕ್ಕಲ್ಲ.

ಡಿಕ್ಕಿಯ ಕಾರಿನಲ್ಲಿ ಸಾಮಾನಿಗೂ ಜನರಿಗೂ ನಡುವೆ ಗೋಡೆಯಿದೆ, ಇದರಲ್ಲಿ ಇಲ್ಲ. ಒಮ್ಮೆ ನಾವು ಸುಲಿದ ತೆಂಗಿನಕಾಯಿಗಳನ್ನು ಗೋಣಿಗೆ ಕಟ್ಟದೆ ಹಾಗೆಯೇ ರಾಶಿ ಹಾಕಿ ಹೊರಟೆವು. ಇಳಿಜಾರಿನಲ್ಲಿ ದನವೊಂದು ಅಡ್ಡ ಬಂತು. ಬ್ರೇಕು ಒತ್ತಿದೊಡನೆ ಒಂದು ಕಾಯಿ ಆಸನದ ಮೇಲಿಂದ ಹಾರಿ ಬಂದು ನಮ್ಮ ಕಿವಿಯ ಪಕ್ಕದಿಂದ ಮುಂಗಾಜಿಗೆ ಬಡಿಯಿತು. ತಪ್ಪು ನಮ್ಮದೇ. ಅಂದಿನಿಂದ ಬಲೆ ಕಟ್ಟದೆ ಗಾಡಿ ಹೊರಡುವುದಿಲ್ಲ. ಆ ಜಾಗದಲ್ಲಿ ಮಕ್ಕಳನ್ನು ಕುಳ್ಳಿರಿಸುವುದಂತೂ ಸರ್ವಥಾ ನಿಷಿದ್ಧ.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆಯೆಂಬುದನ್ನು ವಾಚಕರು ಬಲ್ಲರು. ನಮ್ಮ ಮಕ್ಕಳು ಬಸ್ಸಿನಲ್ಲಿ. ವೇಷದ ಪೆಟ್ಟಿಗೆಗಳೂ ಕಿರೀಟಗಳೂ ಚೆಂಡೆ ಮದ್ದಳೆಗಳೂ ನಮ್ಮ ವ್ಯಾಗನ್ನಿನಲ್ಲಿ. ಕಿರೀಟದ ಒಂದು ಮಿಂಚೂ ಉದುರದಂತೆ ತಲುಪಿಸಿದ ದಿನ, ಈ ಗಾಡಿಗೆ ಕೊಟ್ಟ ಹಣ ಸಾರ್ಥಕವೆನಿಸಿತು.

ಆದರೆ ಗಾಡಿಯ ಯೋಗ್ಯತೆ ಗಾಡಿಯಲ್ಲಿ ಮಾತ್ರ ಇಲ್ಲವೆಂದು ನಾವು ಅರಿತದ್ದು 2020ರ ಮಾರ್ಚ್ ಕೊನೆಯಲ್ಲಿ. ಮಹಾಮಾರಿಯ ಭಯದಿಂದ ಗಡಿಯ ರಸ್ತೆಗಳಿಗೆ ಮಣ್ಣು ಬಿದ್ದಿತು. ಮಂಗಳೂರನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳಲ್ಲಿ ಕೆಲವರು ದಾರಿ ಸಿಗದೆ ಪ್ರಾಣ ಕಳೆದುಕೊಂಡರು. ವ್ಯಾಜ್ಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಬಳಿಕ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಏಪ್ರಿಲಿನಲ್ಲಿ ತುರ್ತು ಚಿಕಿತ್ಸೆಯವರಿಗೆ ತಲಪಾಡಿಯಲ್ಲಿ ದಾರಿಯಾಯಿತು. ಅಷ್ಟರಲ್ಲಿ ತಾಯಿಯವರ ತಪಾಸಣೆಯ ದಿನ ಕಳೆದಿತ್ತು. ಟಾಂಕಿ ತುಂಬ ಡೀಸೆಲ್, ಹಿಂದೆ ಗಾಲಿಕುರ್ಚಿ, ಎಲ್ಲ ಸಿದ್ಧವಾಗಿ ಗಾಡಿ ಅಂಗಳದಲ್ಲೇ ನಿಂತಿತ್ತು. ಚಾವಡಿಯಲ್ಲಿ ಕುಳಿತ ತಾಯಿಯವರು ಬೆಳಗಾದರೆ ಕೇಳುತ್ತಿದ್ದರು, "ಕಾರು ಹಾಳಾಗಿದೆಯಾ ಮಗಾ?"

"ಕಾರು ಸರಿ ಇದೆ ಅಮ್ಮಾ" ಎನ್ನುತ್ತಿದ್ದೆವು. ಮುಂದಿನ ಮಾತು ಬಾಯಿಂದ ಹೊರಡುತ್ತಿರಲಿಲ್ಲ.

ದೂರವಾಣಿಯಲ್ಲಿ ವೈದ್ಯರು ಹೇಳಿದ ಮದ್ದನ್ನು ಊರಿನ ಅಂಗಡಿಯಿಂದ ತಂದು ಕೊಟ್ಟು ಆ ದಿನಗಳನ್ನು ಕಳೆದೆವು. ದೈವಕೃಪೆಯಿಂದ ಏನೂ ಕೆಡಲಿಲ್ಲ. ಕೆಲವರಿಗೆ ಅಷ್ಟೂ ದೊರೆಯಲಿಲ್ಲ.

2022ರಲ್ಲಿ ಗಾಡಿಗೆ ಹದಿನೈದು ವರ್ಷ ತುಂಬಿ, ತಪಾಸಣೆ ಮುಗಿಸಿ, ಹಸಿರು ತೆರಿಗೆ ಕಟ್ಟಿ, ಐದು ವರ್ಷಕ್ಕೆ ನೋಂದಣಿ ನವೀಕರಿಸಿದೆವು. ಮರುವರ್ಷ ತಾಯಿಯವರು ತೀರಿಕೊಂಡರು. ಇನ್ನು ಈ ಹಳೆಯ ಗಾಡಿ ಏತಕ್ಕೆ, ಸಣ್ಣ ಹೊಸ ಕಾರು ಕೊಳ್ಳಬಾರದೇ ಎಂದು ಮಕ್ಕಳು ಕೇಳುತ್ತಾರೆ. 2027ರ ನವೀಕರಣದ ಲೆಕ್ಕವನ್ನು ತಮ್ಮನೂ ಹಾಕಿ ತೋರಿಸಿದ್ದಾನೆ, ಲೆಕ್ಕ ತಪ್ಪಲ್ಲ.

ಆದರೆ ಕಳೆದ ಮಳೆಗಾಲ ನೆರೆಮನೆಯ ಅಜ್ಜಯ್ಯನವರಿಗೆ ಕಾಲಿನ ಶಸ್ತ್ರಚಿಕಿತ್ಸೆಯಾದಾಗ ಅವರ ಮಗ ಮೊದಲು ಬಂದದ್ದು ನಮ್ಮ ಅಂಗಳಕ್ಕೆ. ಗಾಡಿ ಕೇಳಲು ಬಂದವರಿಗೆ ಕುರ್ಚಿಯನ್ನು ಬೇರೆ ಹುಡುಕುವ ಕೆಲಸವಿರಲಿಲ್ಲ. ಅದನ್ನು ನಾವು ಹಿಂದಿನಿಂದ ಇನ್ನೂ ಇಳಿಸಿಲ್ಲ.