ಬೀಟಾ ಹಾಕಿದ್ರೆ ನಿಜವಾಗ್ಲೂ ಫಾಸ್ಟ್ ಆಗುತ್ತಾ, ಇಲ್ಲಾ ಹಾಗೆ ಅನ್ಸುತ್ತಾ?

ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ. ಕೇಳೋಕೆ ಆಗದವರು ಓದಿಕೊಳ್ಳಬಹುದು.

ಫೋನಿಗೋ ಲ್ಯಾಪ್‌ಟಾಪಿಗೋ ಹೊಸ ಬೀಟಾ ಬಂದಾಗಲೆಲ್ಲ ನನಗೆ ಒಂದೇ ಥರದ ಮೆಸೇಜುಗಳು ಬರ್ತವೆ. "ಬೀಟಾ ಹಾಕ್ದೆ, ಸಖತ್ ಫಾಸ್ಟ್ ಆಗಿದೆ, ನೀವೂ ಹಾಕಿ" ಅಂತ ಒಬ್ಬರು. "ಅದೇ ಬೀಟಾ ಹಾಕ್ದೆ, ಆಮೆ ಥರ ಆಗಿದೆ" ಅಂತ ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಾಗಾದ್ರೆ ಏನಾಗ್ತಿದೆ? ಇವತ್ತು ಅದನ್ನ ಬಿಡಿಸಿ ನೋಡೋಣ.

ಬೀಟಾ ಅಂದ್ರೆ ಇನ್ನೂ ಪೂರ್ತಿ ಬೆಂದಿಲ್ಲದ ಅಡುಗೆ. ಕಂಪನಿ ಅದನ್ನ ನಮ್ಮ ಮುಂದೆ ಇಟ್ಟು, ಉಪ್ಪು ಖಾರ ಸರಿ ಇದೆಯಾ ನೋಡಿ ಹೇಳಿ ಅನ್ನುತ್ತೆ. ಅಂಥ ಅರೆಬೆಂದ ಅಡುಗೆನೇ ಹಳೇ ಊಟಕ್ಕಿಂತ ರುಚಿಯಾಗಿದೆ ಅಂತ ಜನ ಕುಣಿದಾಡಿದ ಒಂದು ಪ್ರಸಂಗ ಇದೆ. ವಿಂಡೋಸ್ 7ರ ಬೀಟಾ. ನಮ್ಮ ಕೇಳುಗರಲ್ಲಿ ಅನೇಕರು ಆಗ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಿರಬಹುದು. ಆದ್ರೆ ಇವತ್ತಿನ ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. ವಿಂಡೋಸ್ ಎಕ್ಸ್‌ಪಿ ಬಂದಿದ್ದು 2001ರ ಅಕ್ಟೋಬರ್‌ನಲ್ಲಿ. ಅದಾದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಕಾದ ಜನರಿಗೆ 2007ರ ಜನವರಿಯಲ್ಲಿ ಸಿಕ್ಕಿದ್ದು ವಿಂಡೋಸ್ ವಿಸ್ಟಾ. ನೋಡೋಕೆ ಚೆಂದ, ಆದ್ರೆ ಭಾರ. ಆಗಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ ಅದು ಏದುಸಿರು ಬಿಡ್ತಿತ್ತು. ಆಮೇಲೆ 2009ರ ಜನವರಿ 7ರಂದು ಲಾಸ್ ವೇಗಸ್‌ನ ಸಿಇಎಸ್ ಮೇಳದಲ್ಲಿ ಮೈಕ್ರೋಸಾಫ್ಟ್‌ನ ಅಂದಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ವಿಂಡೋಸ್ 7ರ ಬೀಟಾ ಘೋಷಿಸಿದ್ರು. ಡೌನ್‌ಲೋಡ್ ಮಾಡೋಕೆ ಎಷ್ಟು ಜನ ಮುಗಿಬಿದ್ರು ಅಂದ್ರೆ ಕಂಪನಿಯ ಸರ್ವರುಗಳೇ ಸುಸ್ತಾದವು. ಮೊದಲು 25 ಲಕ್ಷ ಜನರಿಗೆ ಮಾತ್ರ ಅಂದಿದ್ದ ಮಿತಿಯನ್ನೂ ತೆಗೆದುಹಾಕಬೇಕಾಯ್ತು. ಹಾಕಿಕೊಂಡವರಲ್ಲಿ ತುಂಬಾ ಜನ ಹೇಳಿದ್ದು ಒಂದೇ ಮಾತು: "ಇದು ವಿಸ್ಟಾಗಿಂತ ಫಾಸ್ಟ್."

ನಿಜಾನಾ? ಅರ್ಧ ಭಾಗ ಪೂರ್ತಿ ನಿಜ. ಮೊದಲು ಅದನ್ನೇ ನೋಡೋಣ.

ವಿಸ್ಟಾದಲ್ಲಿ ಪರದೆಯ ಮೇಲೆ ಒಂದು ಕಿಟಕಿ ತೆರೆದ್ರೆ, ಆ ಕಿಟಕಿಯ ಚಿತ್ರದ ಎರಡು ಪ್ರತಿಗಳು ಮೆಮೊರಿಯಲ್ಲಿ ಕೂರ್ತಿದ್ದವು. ಒಂದು ಕಂಪ್ಯೂಟರಿನ ಮುಖ್ಯ ಮೆಮೊರಿಯಲ್ಲಿ, ಇನ್ನೊಂದು ಗ್ರಾಫಿಕ್ಸಿಗೆ ಮೀಸಲಾದ ಮೆಮೊರಿಯಲ್ಲಿ. ಲೆಕ್ಕ ಹಾಕಿ ನೋಡಿ. ಆಗಿನ ಲ್ಯಾಪ್‌ಟಾಪ್ ಪರದೆ ಸಾಮಾನ್ಯವಾಗಿ 1280 ಅಡ್ಡ, 800 ಉದ್ದ ಚುಕ್ಕೆಗಳದ್ದು. ಒಂದು ಚುಕ್ಕೆಗೆ 4 ಬೈಟ್. ಅಂದ್ರೆ ಪೂರ್ತಿ ಪರದೆ ತುಂಬೋ ಒಂದು ಕಿಟಕಿಗೆ ಸುಮಾರು 4 ಎಂಬಿ, ಎರಡು ಪ್ರತಿಗೆ 8 ಎಂಬಿ. ಅಂಥ ಹತ್ತು ಕಿಟಕಿ ತೆರೆದ್ರೆ 80 ಎಂಬಿ. ಈಗ 8 ಜಿಬಿ ರ‍್ಯಾಮ್ ಇರೋ ಫೋನ್ ಹಿಡ್ಕೊಂಡಿರೋ ನಮಗೆ ಇದು ಏನೇನೂ ಅಲ್ಲ ಅನ್ಸುತ್ತೆ. ಆದ್ರೆ ಆಗ ಎಷ್ಟೋ ಮಷೀನುಗಳಲ್ಲಿ ಇದ್ದಿದ್ದೇ 1 ಜಿಬಿ. ವಿಂಡೋಸ್ 7ರಲ್ಲಿ, ಅದಕ್ಕೆ ಹೊಂದುವ ಗ್ರಾಫಿಕ್ಸ್ ಡ್ರೈವರ್ ಇದ್ರೆ, ಮುಖ್ಯ ಮೆಮೊರಿಯ ಪ್ರತಿಯನ್ನ ಕಿತ್ತುಹಾಕಿದ್ರು. ಅಲ್ಲಿಗೆ ಲೆಕ್ಕ ಅರ್ಧಕ್ಕೆ ಇಳೀತು.

ಮೆಮೊರಿ ಉಳಿದ್ರೆ ಸ್ಪೀಡ್ ಹೇಗೆ ಹೆಚ್ಚಾಗುತ್ತೆ ಅಂತ ಕೇಳ್ತೀರಾ? ರ‍್ಯಾಮ್ ಅಂದ್ರೆ ಅಡುಗೆಮನೆ ಕಟ್ಟೆ ಅಂದ್ಕೊಳ್ಳಿ. ಕಟ್ಟೆ ಮೇಲೆ ಜಾಗ ಇದ್ರೆ ಬೇಕಾದ ಡಬ್ಬಿ ಕೈಗೆ ಸಿಗುತ್ತೆ. ಜಾಗ ತುಂಬಿದ್ರೆ ಕೆಲವು ಡಬ್ಬಿಗಳನ್ನ ಅಟ್ಟದ ಮೇಲೆ ಇಡಬೇಕು, ಬೇಕಾದಾಗೆಲ್ಲ ಏಣಿ ಹಾಕಿ ಹತ್ತಬೇಕು. ಆ ಅಟ್ಟ ಅಂದ್ರೆ ಹಾರ್ಡ್ ಡಿಸ್ಕ್. ತಿರುಗೋ ಹಾರ್ಡ್ ಡಿಸ್ಕಿನಲ್ಲಿ ಒಂದು ಮಾಹಿತಿ ಇರೋ ಜಾಗ ಹುಡುಕೋಕೆ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಮಯ ಹಿಡಿಯುತ್ತೆ. ಕೇಳೋಕೆ ಕಮ್ಮಿ, ಆದ್ರೆ ರ‍್ಯಾಮಿಗೆ ಹೋಲಿಸಿದ್ರೆ ಸಾವಿರಾರು ಪಟ್ಟು ನಿಧಾನ. ಏಣಿ ಹತ್ತೋ ಸರದಿ ಕಮ್ಮಿ ಆದ್ರೆ ಇಡೀ ಅಡುಗೆಮನೆ ಚುರುಕಾಗುತ್ತೆ.

ಇನ್ನೊಂದು ಬದಲಾವಣೆ. ವಿಸ್ಟಾದಲ್ಲಿ ಒಂದು ಹಳೇ ಶೈಲಿಯ ಆ್ಯಪ್ ಪರದೆ ಮೇಲೆ ಚಿತ್ರ ಬರೀತಿದ್ರೆ, ಬೇರೆ ಅಂಥ ಆ್ಯಪುಗಳು ಅದು ಮುಗಿಯೋವರೆಗೆ ಕಾಯಬೇಕಿತ್ತು. ಒಂದೇ ನಲ್ಲಿ, ಉದ್ದ ಕ್ಯೂ. 7ರಲ್ಲಿ ಈ ಬೀಗವನ್ನ ಸಡಿಲಿಸಿದ್ರು. ಹಾಗೇನೇ, ಆನ್ ಮಾಡಿದ ತಕ್ಷಣ ಹಿನ್ನೆಲೆಯಲ್ಲಿ ಏಳ್ತಿದ್ದ ಕೆಲವು ಸೇವೆಗಳನ್ನ "ಬೇಕಾದಾಗ ಎದ್ದರೆ ಸಾಕು" ಅಂತ ಮಾಡಿದ್ರು. ಇವೆಲ್ಲ ಇಂಜಿನಿಯರುಗಳು ಕೂತು ಮಾಡಿದ ಗಟ್ಟಿ ಕೆಲಸ. ಆದ್ರೆ ಒಂದು ಮಾತು ನೆನಪಿರಲಿ: ಒಂದು ಗಂಟೆಯ ವಿಡಿಯೋ ಕನ್ವರ್ಟ್ ಮಾಡೋಕೆ ಕೊಟ್ರೆ ಅಲ್ಲಿ ದುಡಿಯೋದು ಪ್ರೊಸೆಸರ್. ಆಪರೇಟಿಂಗ್ ಸಿಸ್ಟಮ್ ಬದಲಾಯಿಸಿದ್ರೆ ಅದಕ್ಕೆ ಹೊಸ ಶಕ್ತಿ ಬರಲ್ಲ. ವ್ಯತ್ಯಾಸ ಗೊತ್ತಾಗೋದು ಕ್ಲಿಕ್ ಮಾಡಿದ ಮೇಲೆ ಕಿಟಕಿ ತೆರೆಯೋವರೆಗಿನ ಆ ಚಿಕ್ಕ ಕಾಯುವಿಕೆಯಲ್ಲಿ.

ಈಗ ಇನ್ನರ್ಧಕ್ಕೆ ಬರೋಣ. "ಅನ್ಸೋದು." ನನಗೆ ಹೆಚ್ಚು ಇಷ್ಟವಾದ ಭಾಗ ಇದೇ.

ಒಂದು ಫೈಲ್ ಕಾಪಿ ಮಾಡೋ ಕಥೆ ಕೇಳಿ. ವಿಸ್ಟಾ ಬಂದ ಹೊಸತರಲ್ಲಿ "ಎಕ್ಸ್‌ಪಿಯಲ್ಲಿ ಪಟ್ ಅಂತ ಕಾಪಿ ಆಗ್ತಿತ್ತು, ಇದರಲ್ಲಿ ಯುಗ ಹಿಡಿಯುತ್ತೆ" ಅನ್ನೋ ದೂರು ಎಲ್ಲೆಡೆ ಇತ್ತು. 2008ರಲ್ಲಿ ಮೈಕ್ರೋಸಾಫ್ಟ್‌ನ ಇಂಜಿನಿಯರ್ ಮಾರ್ಕ್ ರಸಿನೋವಿಚ್ ಇದರ ಒಳಗುಟ್ಟನ್ನ ವಿವರವಾಗಿ ಬರೆದ್ರು. ಎಕ್ಸ್‌ಪಿ ಏನು ಮಾಡ್ತಿತ್ತು ಅಂದ್ರೆ, ಮಾಹಿತಿಯನ್ನ ಮೆಮೊರಿಗೆ ತುಂಬಿಕೊಂಡು "ಕಾಪಿ ಆಯ್ತು" ಅಂತ ಡಬ್ಬಿ ಮುಚ್ಚಿಬಿಡ್ತಿತ್ತು. ನಿಜವಾಗಿ ಡಿಸ್ಕಿಗೆ ಬರೆಯೋ ಕೆಲಸ ಆಮೇಲೂ ಒಳಗೊಳಗೇ ನಡೀತಿತ್ತು. ವಿಸ್ಟಾ ಪ್ರಾಮಾಣಿಕ. ದೊಡ್ಡ ಫೈಲುಗಳನ್ನ ಡಿಸ್ಕಿಗೆ ಬರೆದು ಮುಗಿಸೋವರೆಗೂ ಕಾಪಿ ಡಬ್ಬಿಯನ್ನ ಪರದೆ ಮೇಲೇ ಇಡ್ತಿತ್ತು. ಕೆಲವು ಸಲ ಕೆಲಸ ಬೇಗ ಮುಗಿದ್ರೂ ಜನರಿಗೆ ಕಂಡಿದ್ದು ಮಾತ್ರ ನಿಧಾನ. ಕೊನೆಗೆ ವಿಸ್ಟಾದ ಮೊದಲ ಸರ್ವೀಸ್ ಪ್ಯಾಕಿನಲ್ಲಿ ಬಹುಪಾಲು ಮತ್ತೆ ಹಳೇ ದಾರಿಗೇ ಹೋದ್ರು. ನಾವು ಗಡಿಯಾರ ನೋಡಿ ತೀರ್ಪು ಕೊಡಲ್ಲ, ಡಬ್ಬಿ ಯಾವಾಗ ಮುಚ್ಚಿತು ನೋಡಿ ಕೊಡ್ತೀವಿ.

ಇದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಯಾಕೋಬ್ ನೀಲ್ಸನ್ ಅನ್ನೋ ವಿನ್ಯಾಸ ತಜ್ಞರು 1993ರಲ್ಲೇ ಜನಪ್ರಿಯಗೊಳಿಸಿದ ಮೂರು ಗಡಿಗಳಿವೆ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದ್ರೆ "ತಕ್ಷಣ ಆಯ್ತು" ಅನ್ಸುತ್ತೆ. 1 ಸೆಕೆಂಡಿನೊಳಗೆ ಬಂದ್ರೆ ತಡ ಗೊತ್ತಾಗುತ್ತೆ, ಆದ್ರೆ ಯೋಚನೆ ತುಂಡಾಗಲ್ಲ. 10 ಸೆಕೆಂಡ್ ದಾಟಿದ್ರೆ ನಮ್ಮ ಗಮನ ಬೇರೆಲ್ಲೋ ಹೋಗಿಬಿಡುತ್ತೆ. 40 ಸೆಕೆಂಡಿನ ಕೆಲಸ 38ಕ್ಕೆ ಇಳಿದ್ರೆ ಯಾರಿಗೂ ಗೊತ್ತಾಗಲ್ಲ. ಆದ್ರೆ ಮೆನು ತೆರೆಯೋ ಸಮಯ ಕಾಲು ಸೆಕೆಂಡಿನಿಂದ ಹತ್ತನೇ ಒಂದು ಭಾಗಕ್ಕೆ ಇಳಿದ್ರೆ "ಇಡೀ ಮಷೀನೇ ಹೊಸದಾಯ್ತು" ಅಂತೀವಿ. 2007ರಲ್ಲಿ ಕ್ರಿಸ್ ಹ್ಯಾರಿಸನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು ಇನ್ನೂ ಮಜವಾಗಿದೆ. ಎಲ್ಲ ಪ್ರೋಗ್ರೆಸ್ ಬಾರುಗಳೂ ಅಷ್ಟೇ ಸಮಯ ತಗೊಂಡ್ರೂ, ಕೊನೆಯಲ್ಲಿ ವೇಗ ಪಡೆಯೋ ಬಾರ್ ಬೇಗ ಮುಗೀತು ಅಂತ ಜನರಿಗೆ ಅನ್ನಿಸಿತ್ತು.

ಇನ್ನು ನಿರೀಕ್ಷೆ. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತೀವಲ್ಲ, ಹಾಗೆ. 2008ರಲ್ಲಿ ಮೈಕ್ರೋಸಾಫ್ಟ್ "ಮೊಹಾವಿ" ಅಂತ ಒಂದು ಪ್ರಯೋಗ ಮಾಡಿತು. ವಿಸ್ಟಾ ಬಗ್ಗೆ ಮೂಗು ಮುರಿಯೋ ಜನರನ್ನ ಕೂರಿಸಿ, "ಇದು ನಮ್ಮ ಮುಂದಿನ ವಿಂಡೋಸ್, ಹೆಸರು ಮೊಹಾವಿ" ಅಂತ ತೋರಿಸಿದ್ರು. ಜನ ಭೇಷ್ ಅಂದ್ರು. ಆಮೇಲೆ ಹೇಳಿದ್ರು, ನೀವು ನೋಡಿದ್ದು ವಿಸ್ಟಾನೇ ಅಂತ. ಇದು ಜಾಹೀರಾತಿಗೆ ಮಾಡಿದ್ದು, ಮಷೀನ್ ಚೆನ್ನಾಗಿತ್ತು, ತೋರಿಸಿದವರು ಕಂಪನಿಯವರೇ. ಆದ್ದರಿಂದ ವಿಸ್ಟಾ ಒಳ್ಳೇದಿತ್ತು ಅಂತ ಇದರಿಂದ ಸಾಬೀತಾಗಲ್ಲ. ಆದ್ರೆ ಹೆಸರು ಬದಲಾದ್ರೆ ಅನುಭವ ಬದಲಾಗುತ್ತೆ ಅನ್ನೋದಂತೂ ಕಂಡಿತು. ಬೀಟಾ ಹಾಕಿಕೊಳ್ಳೋರು ಯಾರು? ಉತ್ಸಾಹ ಇರೋರು. ಗಂಟೆಗಟ್ಟಲೆ ಡೌನ್‌ಲೋಡ್ ಮಾಡಿ ಹಾಕಿದವರಿಗೆ "ಫಾಸ್ಟ್ ಆಗಿದೆ" ಅನ್ಸೋಕೆ ಮನಸ್ಸೂ ತಯಾರಾಗಿರುತ್ತೆ.

ಮೂರನೇ ಕಾರಣ, ಎಲ್ಲರೂ ಮರೆಯೋದು: ಹೋಲಿಕೆಯೇ ಸರಿ ಇರಲ್ಲ. ಹಳೇ ವಿಂಡೋಸಿನಲ್ಲಿ ಎರಡು ವರ್ಷದ ಕಸ ಇರುತ್ತೆ. ಆನ್ ಆದಾಗ ಏಳೋ ಹತ್ತಾರು ಆ್ಯಪು, ಬ್ರೌಸರಿನ ಬೇಡದ ಟೂಲ್‌ಬಾರ್, ತುಂಬಿದ ಡಿಸ್ಕ್. ಬೀಟಾ ಹಾಕೋದು ಖಾಲಿ ಜಾಗಕ್ಕೆ. ಬಾಡಿಗೆಗೆ ಬಂದ ಮೊದಲ ದಿನ ಎಲ್ಲ ಮನೆಯೂ ದೊಡ್ಡದಾಗೇ ಕಾಣುತ್ತೆ. ಹಳೇ ಆವೃತ್ತಿಯನ್ನೇ ಒರೆಸಿ ಹೊಸದಾಗಿ ಹಾಕಿದ್ರೂ ಅರ್ಧ ಸ್ಪೀಡ್ ವಾಪಸ್ ಬರಬಹುದು.

ಫೋನಿನಲ್ಲಿ ಇದರ ಉಲ್ಟಾನೂ ನಡೆಯುತ್ತೆ. ಅಪ್‌ಡೇಟ್ ಆದ ಮೇಲೆ ಫೋನು ಫೋಟೋಗಳನ್ನ ಮತ್ತೆ ಓದಿ ಪಟ್ಟಿ ಮಾಡುತ್ತೆ, ಆ್ಯಪುಗಳನ್ನ ಹೊಸ ವ್ಯವಸ್ಥೆಗೆ ಹೊಂದಿಸುತ್ತೆ. ಮೊದಲ ಒಂದೆರಡು ದಿನ ಬಿಸಿ, ಬ್ಯಾಟರಿ ಖಾಲಿ, ನಿಧಾನ. ಅಷ್ಟರಲ್ಲೇ "ಬೀಟಾ ದರಿದ್ರ" ಅಂತ ತೀರ್ಪು ಬಂದಿರುತ್ತೆ. ಶುರುವಿನಲ್ಲಿ ಹೇಳಿದ ಎರಡು ಮೆಸೇಜುಗಳ ಜಗಳಕ್ಕೆ ಇದೂ ಒಂದು ಕಾರಣ. ಇನ್ನೊಂದು ನೀವೇ ಮಾಡಿ ನೋಡಬಹುದು. ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ ಅನಿಮೇಶನ್ ಅಳತೆ 1 ಅಂತ ಇರುತ್ತೆ, ಅದನ್ನ 0.5 ಮಾಡಿ. ಪ್ರೊಸೆಸರ್ ಅದೇ, ರ‍್ಯಾಮ್ ಅದೇ. ಆದ್ರೂ ಫೋನ್ ಹಾರಿದ ಹಾಗೆ ಅನ್ಸುತ್ತೆ.

ಹಾಗಾದ್ರೆ ಸತ್ಯ ತಿಳಿಯೋದು ಹೇಗೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಹಿರಿಯರು. ನಾನು ಅನುಸರಿಸೋ ಕ್ರಮ ಇದು. ಅಪ್‌ಡೇಟಿಗೆ ಮುಂಚೆಯೇ, ದಿನಾ ಮಾಡೋ ಐದು ಕೆಲಸ ಆರಿಸಿಕೊಳ್ತೀನಿ: ಆನ್ ಆಗೋದು, ಕ್ಯಾಮೆರಾ ತೆರೆಯೋದು, ಬ್ರೌಸರ್ ತೆರೆಯೋದು, ಹೀಗೆ. ಇನ್ನೊಂದು ಫೋನಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್ ಇರೋ ಮೋಡಿನಲ್ಲಿ, ಬೆರಳು ತಾಗಿದ್ದರಿಂದ ಪರದೆ ತೆರೆಯೋವರೆಗೆ ವಿಡಿಯೋ ಮಾಡ್ತೀನಿ. ಒಂದು ಫ್ರೇಮ್ ಅಂದ್ರೆ ಸುಮಾರು 4 ಮಿಲಿಸೆಕೆಂಡ್. ಫ್ರೇಮ್ ಎಣಿಸಿದ್ರೆ ಆಯ್ತು. ಪ್ರತಿ ಕೆಲಸ ಐದು ಸಲ ಮಾಡಿ, ನಡುವಿನ ಸಂಖ್ಯೆ ಬರ್ಕೊಳ್ತೀನಿ. ಅಪ್‌ಡೇಟ್ ಆಗಿ ಮೂರು ದಿನ ಬಿಟ್ಟು, ಅದೇ ಆ್ಯಪು, ಅದೇ ಮಟ್ಟದ ಚಾರ್ಜ್ ಇಟ್ಟುಕೊಂಡು ಮತ್ತೆ ಅಳೀತೀನಿ. ಅರ್ಧ ಗಂಟೆ ಕೆಲಸ, ಆದ್ರೆ ಊಹೆ ಮಾಡೋ ಪ್ರಮೇಯ ಇಲ್ಲ.

ಇಷ್ಟು ತಲೆ ಯಾಕೆ ಕೆಡಿಸ್ಕೋಬೇಕು ಅಂತೀರಾ? ಯಾಕಂದ್ರೆ ಬೀಟಾ ಪುಕ್ಕಟೆ ಅಲ್ಲ. ಅದೇ ವಿಂಡೋಸ್ 7 ಬೀಟಾದಲ್ಲಿ ಒಂದು ದೋಷ ಇತ್ತು. ಎಂಪಿ3 ಹಾಡುಗಳ ಜೊತೆಗಿರೋ ಆಲ್ಬಂ ಚಿತ್ರದಂಥ ಮಾಹಿತಿಯನ್ನ ತಿದ್ದುವಾಗ, ಕೆಲವು ಹಾಡುಗಳ ಮೊದಲ ಕೆಲವು ಸೆಕೆಂಡುಗಳನ್ನೇ ಅದು ಕತ್ತರಿಸಿ ಹಾಕ್ತಿತ್ತು. ಹೋದದ್ದು ಹೋಯ್ತು, ವಾಪಸ್ ಬರಲ್ಲ. ಕಂಪನಿ ಬೇಗನೇ ತೇಪೆ ಕೊಟ್ಟಿತು. ಆದ್ರೆ ತೇಪೆ ಹಾಕೋಕೆ ಮುಂಚೆ ಕಳ್ಕೊಂಡಿದ್ರೆ ಕಳ್ಕೊಂಡ ಹಾಗೇ. ಇನ್ನು 2009ರ ಜುಲೈ 1ರಿಂದ ಆ ಬೀಟಾ ಎರಡೆರಡು ಗಂಟೆಗೆ ತಾನೇ ಆಫ್ ಆಗೋಕೆ ಶುರುವಾಯ್ತು, ಆಗಸ್ಟ್ 1ಕ್ಕೆ ಅವಧಿ ಮುಗೀತು. ಅಂತಿಮ ಆವೃತ್ತಿ ಅಂಗಡಿಗೆ ಬಂದಿದ್ದು ಅಕ್ಟೋಬರ್ 22ಕ್ಕೆ. ಬೀಟಾದಲ್ಲಿದ್ದವರಿಗೆ ಕಂಪನಿಯ ಸಲಹೆ, ಹೊಸದಾಗಿ ಇನ್‌ಸ್ಟಾಲ್ ಮಾಡ್ಕೊಳ್ಳಿ ಅಂತ.

ಇವತ್ತಿನ ಫೋನುಗಳಲ್ಲೂ ಕಥೆ ಹೆಚ್ಚು ಬೇರೆ ಇಲ್ಲ. ಪಿಕ್ಸೆಲ್ ಫೋನಿನಲ್ಲಿ ಆಂಡ್ರಾಯ್ಡ್ ಬೀಟಾದ ನಡುವೆ ಹಳೇ ಸ್ಥಿರ ಆವೃತ್ತಿಗೆ ವಾಪಸ್ ಹೋದ್ರೆ ಫೋನ್ ಪೂರ್ತಿ ಅಳಿಸಿಹೋಗುತ್ತೆ. ಐಫೋನಿನಲ್ಲಿ ಬೀಟಾದಲ್ಲಿ ತೆಗೆದ ಬ್ಯಾಕಪ್ ಹಳೇ ಐಒಎಸ್‌ಗೆ ಕೂರದೇ ಇರಬಹುದು. ಬ್ಯಾಂಕ್ ಆ್ಯಪು, ಯುಪಿಐ ಆ್ಯಪು ಕೈಕೊಡಬಹುದು. ಕ್ಯಾಂಟೀನಿನಲ್ಲಿ ಬಿಲ್ ಕಟ್ಟೋಕೆ, ಬಸ್ ಟಿಕೆಟಿಗೆ, ಪರೀಕ್ಷೆಯ ಹಾಲ್ ಟಿಕೆಟ್ ಡೌನ್‌ಲೋಡಿಗೆ ನಿಮ್ಮ ಹತ್ರ ಇರೋದು ಆ ಒಂದೇ ಫೋನ್ ಅಂದ್ರೆ, ಕಾಲು ಸೆಕೆಂಡಿನ ಲಾಭಕ್ಕೆ ಎಷ್ಟು ಪಣ ಇಡ್ತಿದ್ದೀರಿ ಅಂತ ಯೋಚಿಸಿ.

ನನ್ನ ಉತ್ತರ ಇಷ್ಟು. ಬೀಟಾ ನಿಜವಾಗಿಯೂ ಫಾಸ್ಟ್ ಆಗಿರಬಹುದು, ವಿಂಡೋಸ್ 7 ಅದಕ್ಕೆ ಸಾಕ್ಷಿ. "ಫಾಸ್ಟ್ ಅನ್ಸೋದು" ಕೂಡ ಸುಳ್ಳಲ್ಲ, ದಿನವಿಡೀ ಮಷೀನ್ ಬಳಸೋದು ನಾವೇ ಅಲ್ವಾ? ಆದ್ರೆ ಆ ಅನಿಸಿಕೆಯಲ್ಲಿ ಹೊಸ ಕೋಡ್ ಎಷ್ಟು, ಖಾಲಿ ಡಿಸ್ಕ್ ಎಷ್ಟು, ನಮ್ಮ ಉತ್ಸಾಹ ಎಷ್ಟು ಅನ್ನೋದು ಅಳೆಯದೇ ಗೊತ್ತಾಗಲ್ಲ. ಎರಡನೇ ಮಷೀನ್ ಇದ್ದು, ಬ್ಯಾಕಪ್ ಇದ್ರೆ ಧೈರ್ಯವಾಗಿ ಹಾಕಿ, ದೋಷ ಕಂಡ್ರೆ ಕಂಪನಿಗೆ ವರದಿ ಮಾಡಿ. ಒಂದೇ ಫೋನ್ ಇದ್ರೆ, ಮೊದಲು ಬೇಡದ ಆ್ಯಪು ತೆಗೀರಿ, ಸ್ಟೋರೇಜ್ ಖಾಲಿ ಮಾಡಿ, ಅನಿಮೇಶನ್ ಅರ್ಧ ಮಾಡಿ, ಒಂದು ಸಲ ರೀಸ್ಟಾರ್ಟ್ ಮಾಡಿ. ಎಷ್ಟೋ ಜನರಿಗೆ ಬೇಕಾಗಿರೋ ಸ್ಪೀಡ್ ಅಷ್ಟರಲ್ಲೇ ಸಿಕ್ಕಿಬಿಡುತ್ತೆ.

ನೀವು ಫ್ರೇಮ್ ಎಣಿಸಿ ಅಳೆದ್ರೆ, ಮುಂಚಿನ ಸಂಖ್ಯೆ, ಆಮೇಲಿನ ಸಂಖ್ಯೆ ಎರಡನ್ನೂ ನಮಗೆ ಕಳಿಸಿ. ಮುಂದಿನ ವಾರ ಸಿಗೋಣ.