ಎತ್ತರ ಕಡಿಮೆಯಿರುವವರಿಗೆ ತೋಟದ ದಾರಿಯ ಮೊದಲ ಬೈಕು

ತ್ರೀ ಫೇಸ್ ಕರೆಂಟು ಬಂದ ಹೊತ್ತಿಗೆ ಮೋಟಾರು ಹಾಕಲು ತೋಟಕ್ಕೆ ಓಡುವವರಲ್ಲಿ ಈಗ ನಮ್ಮ ಸದಸ್ಯರ ಹೆಣ್ಣುಮಕ್ಕಳೂ ಇದ್ದಾರೆ. ಅಪ್ಪನೋ ಅಣ್ಣನೋ ಕರೆದೊಯ್ಯುವವರೆಗೆ ಕಾಯುವ ಬದಲು ಅವರಿಗೇ ಒಂದು ಬೈಕು ಕೊಡಿಸೋಣವೆಂದು ಕೆಲವರು ಸಂಘದ ಕಚೇರಿಗೆ ಬಂದು ವಿಚಾರಿಸುತ್ತಿದ್ದಾರೆ. ಎಲ್ಲರ ಪ್ರಶ್ನೆಯೂ ಒಂದೇ: ಐದಡಿ ಎರಡಂಗುಲದವರಿಗೆ ಕಾಲು ಎಟುಕುವ ಗಾಡಿ ಯಾವುದು? ಗಂಡುಮಕ್ಕಳಲ್ಲೂ ಗಿಡ್ಡ ಇರುವವರಿದ್ದಾರೆ, ಅವರು ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೆ.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, ಇಲ್ಲವೇ ರಾಜದೂತ್, ಸಿಕ್ಕಿದ್ದನ್ನೇ ಬದುವಿನ ಮೇಲೆ ಓಡಿಸುತ್ತಿದ್ದರು. ಈಗ ಕಚ್ಚಾ ದಾರಿಗೆಂದೇ ಮಾಡಿದ ಗಾಡಿಗಳಿವೆ. ಕಲ್ಲು, ಬಸಿಗಾಲುವೆ ದಾಟಲು ಅವುಗಳ ಹೊಟ್ಟೆ ನೆಲದಿಂದ ಎತ್ತರದಲ್ಲಿರಬೇಕು. ಹೊಟ್ಟೆ ಎತ್ತರವಾದರೆ ಸೀಟೂ ಎತ್ತರವಾಗುತ್ತದೆ. ತೊಂದರೆ ಹುಟ್ಟುವುದು ಇಲ್ಲೇ.

ಷೋರೂಮಿನಲ್ಲಿ ಎಲ್ಲರೂ ಸೀಟಿನ ಎತ್ತರವನ್ನೇ ನೋಡುತ್ತಾರೆ. ತೂಕವನ್ನು ಮೊದಲು ನೋಡಬೇಕೆಂಬುದು ನಮ್ಮ ಅಭಿಪ್ರಾಯ. 2016ರಲ್ಲಿ ಬಂದ 411 ಸಿ.ಸಿ. ಹಿಮಾಲಯನ್ (ಈಗ ಸೆಕೆಂಡ್ ಹ್ಯಾಂಡ್ ಮಾತ್ರ) ಸೀಟು 800 ಮಿ.ಮೀ., ಅಂದರೆ ತಗ್ಗೇ. ತೂಕ ಮಾತ್ರ 200 ಕಿಲೋ ಸಮೀಪ, ಸರಿಯಾಗಿ ನಾಲ್ಕು ಪೊಟ್ಯಾಷ್ ಮೂಟೆ. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200ರ ಸೀಟು ಸುಮಾರು 825 ಮಿ.ಮೀ.; ತೂಕದಲ್ಲಿ ಮೂರು ಮೂಟೆಯ ಮೇಲೆ ಸ್ವಲ್ಪ. ಆ ಒಂದಂಗುಲವನ್ನು ಬೂಟಿನ ಅಟ್ಟೆಯಿಂದಲೇ ತುಂಬಿಸಬಹುದು, ನಲವತ್ತು ಕಿಲೋವನ್ನು ಯಾವುದರಿಂದಲೂ ಇಳಿಸಲಾಗದು. ರಾತ್ರಿ ಒದ್ದೆ ಅಡಿಕೆ ಹಾಳೆಯ ಮೇಲೆ ಚಕ್ರ ಜಾರಿ, ಬಿಸಿ ಸೈಲೆನ್ಸರಿನ ಕೆಳಗೆ ಕಾಲು ಸಿಕ್ಕಿಕೊಂಡರೆ ಕೂಗಿದರೂ ಕೇಳುವವರಿಲ್ಲದ ತೋಟಗಳು ನಮ್ಮವು.

ಪುಸ್ತಕದ ಅಂಕಿಯನ್ನು ಪೂರ್ತಿ ನಂಬಬೇಡಿ. ಕೂತಾಗ ಸ್ಪ್ರಿಂಗು ಸ್ವಲ್ಪ ಕುಗ್ಗುತ್ತದೆ. ಸೀಟು ಮುಂಭಾಗದಲ್ಲಿ ಕಿರಿದಾಗಿದ್ದರೆ ಕಾಲು ಇನ್ನಷ್ಟು ಕೆಳಗೆ ಎಟುಕುತ್ತದೆ. ತೋಟಕ್ಕೆ ಹಾಕುವ ಬೂಟು ಹಾಕಿಕೊಂಡೇ ಕೂತು ನೋಡಬೇಕು. ಎರಡು ಪಾದವೂ ಪೂರ್ತಿ ಊರಬೇಕೆಂಬ ಹಟ ಬೇಡ. ಸೊಂಟವನ್ನು ಪಕ್ಕಕ್ಕೆ ಸರಿಸಿ ಒಂದು ಪಾದ ಭದ್ರವಾಗಿ ಊರಿದರೆ ಸಾಕು. ನಿಲ್ಲಿಸುವಾಗ ದಿಣ್ಣೆಯ ಕಡೆಯ ಕಾಲನ್ನೇ ಇಡಬೇಕು. ಕಾಲುವೆ ಕಡೆ ಇಟ್ಟರೆ ಆರಡಿಯವನೂ ಬೀಳುತ್ತಾನೆ.

ಗಾಡಿಯನ್ನೇ ತಗ್ಗಿಸಿಕೊಡುತ್ತೇವೆಂದು ಮೆಕ್ಯಾನಿಕ್‌ಗಳು ಹೇಳುತ್ತಾರೆ. ಲಿಂಕು ಬದಲಿಸಿ ಇಳಿಸಿದರೆ ಹೊಟ್ಟೆಯೂ ಇಳಿದು ಕಲ್ಲಿಗೆ ತಾಗುತ್ತದೆ, ಸೈಡ್ ಸ್ಟ್ಯಾಂಡು ಉದ್ದವಾಗಿ ನಿಲ್ಲಿಸಿದ ಗಾಡಿ ಆಚೆಗೆ ಉರುಳುತ್ತದೆ. ಅದರ ಬದಲು ಸೀಟಿನ ಸ್ಪಂಜನ್ನು ಒಂದಂಗುಲ ಕೆತ್ತಿಸಿ. ಕೂರಲು ಗಟ್ಟಿಯೆನಿಸಬಹುದು, ಗಾಡಿಯ ನಡೆ ಕೆಡುವುದಿಲ್ಲ.

ಇನ್ನು ಬೈಕನ್ನೇ ಮುಟ್ಟದವರಿಗೆ ಮೊದಲ ಆರು ತಿಂಗಳು ಮನೆಯಲ್ಲಿರುವ ಸ್ಪ್ಲೆಂಡರ್ ಸಾಕು. 112 ಕಿಲೋ, ಸೀಟು 785 ಮಿ.ಮೀ. ಕ್ಲಚ್ಚು ಕೈಗೆ ಹತ್ತಿದ ಮೇಲೆ ಹಳೆಯ ಎಕ್ಸ್‌ಪಲ್ಸ್ ಒಂದನ್ನು ನೋಡಬಹುದು. ಹೊಸದಾದರೆ ಮೊದಲ ಗೀರಿಗೇ ಮನೆಯಲ್ಲಿ ಬೈಗುಳ ಶುರುವಾಗಿ, ಕಲಿಯುವವಳು ಗಾಡಿ ಮುಟ್ಟುವುದನ್ನೇ ಬಿಡುತ್ತಾಳೆ. ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆ ಎನ್ನುವ ಹಿರಿಯರಿಗೆ ಒಂದು ಮಾತು: 2019ರಲ್ಲಿ ಬಾಹಾ ರ‍್ಯಾಲಿಗಳ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ನಮ್ಮ ಬೆಂಗಳೂರಿನವರೇ.

ಹಣ ಕೊಡುವ ಮೊದಲು ಬಿದ್ದ ಗಾಡಿ ಎತ್ತುವುದನ್ನು ಕಲಿಸಿ. ಪರಿಚಯದವರ ಗಾಡಿಯನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ, ಒಬ್ಬರು ಪಕ್ಕದಲ್ಲಿದ್ದು ಮಾಡಿಸಬೇಕು. ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಹ್ಯಾಂಡಲನ್ನು ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಮಾಡಿ ಕುಕ್ಕರುಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು, ಸೊಂಟ ಬಗ್ಗಿಸದೆ ತೊಡೆಯ ಬಲದಿಂದ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ತಳ್ಳುತ್ತ ಏಳಬೇಕು. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡು ಬಿಡಿಸಿಕೊಳ್ಳಿ, ಇಲ್ಲವಾದರೆ ಎದ್ದ ಗಾಡಿ ಎಡಕ್ಕೆ ಮಗುಚುತ್ತದೆ.